ಹೆಸರಿಲ್ಲದ ಪ್ರಬಂಧ

ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಪ್ರೊಫೆಸರರಿಗೆ ಅರ್ಥವಾಯಿತು, ಇದು ತಮ್ಮ ಬುಡಕ್ಕೇ ಬಿದ್ದ ಕೊಡಲಿ ಪೆಟ್ಟು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು.

ಆ ಸಂಶೋಧನಾ ಪ್ರಬಂಧ ಅವರಿಗೆ ಬಂದದ್ದಲ್ಲ. ಸಮ್ಮೇಳನದವರು ಅದನ್ನು ಪರಿಶೀಲನೆಗೆ ಕಳಿಸಿದ್ದು ಪಕ್ಕದ ಕೋಣೆಯ ಸಹೋದ್ಯೋಗಿಗೆ. ಆತ ಬೆಳಿಗ್ಗೆ ಬಂದು, "ನಿಮ್ಮ ವಿಷಯಾನೇ ಸಾರ್. ನನಗೆ ಪುರುಸೊತ್ತಿಲ್ಲ, ನೀವೇ ನೋಡಿಬಿಡಿ. ನನ್ನ ಹೆಸರಲ್ಲಿ ಕಳಿಸ್ತೀನಿ" ಎಂದು ದಾಟಿಸಿ ಹೋಗಿದ್ದ. ಕಂಪ್ಯೂಟರ್ ವಿಭಾಗದಲ್ಲಿ ಇದೇನೂ ಹೊಸದಲ್ಲ. ಬರೆದವರು ಯಾರೆಂದು ಮಾತ್ರ ಪರಿಶೀಲಿಸುವವರಿಗೆ ಕಾಣುವುದಿಲ್ಲ. ಮುಖ ನೋಡಿ ಮಣೆ ಹಾಕಬಾರದೆಂದು ಹೆಸರು ಅಳಿಸಿಯೇ ಕಳಿಸುತ್ತಾರೆ.

ಕೆಟ್ಟುಹೋದ ದತ್ತಾಂಶವನ್ನು ಮತ್ತೆ ಜೋಡಿಸುವ ವಿಧಾನವೊಂದನ್ನು ಪ್ರೊಫೆಸರರು ಪ್ರಾಯದಲ್ಲಿ ಕಂಡುಹಿಡಿದಿದ್ದರು. ಅದು ಪಠ್ಯಪುಸ್ತಕ ಸೇರಿತ್ತು. ಜನ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಿದ್ದರು. ಅವರ ಮರ್ಯಾದೆಯೆಲ್ಲ ನಿಂತದ್ದು ಅದರ ಮೇಲೆ. ಈ ಪ್ರಬಂಧ ಹೇಳುತ್ತಿತ್ತು: ದತ್ತಾಂಶ ತೀರಾ ದೊಡ್ಡದಾದರೆ ಆ ವಿಧಾನ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತದೆ. ಹೇಳಿ ಸುಮ್ಮನಾಗಿರಲಿಲ್ಲ, ತೋರಿಸಿ, ಸರಿಪಡಿಸಿಯೂ ಇತ್ತು. ಬಹಳ ವಿನಯದ ಬರವಣಿಗೆ. ಅದರಿಂದ ಅವರಿಗೆ ಇನ್ನಷ್ಟು ಉರಿಯಿತು.

ಇದು ಆ ಹಳೆಯ ಎದುರಾಳಿಯದೇ ಕೆಲಸ ಎಂದುಕೊಂಡರು. ಹಿಂದೊಮ್ಮೆ ತುಂಬಿದ ಸಭೆಯಲ್ಲಿ ಪ್ರಶ್ನೆ ಕೇಳಿ ಬೆವರಿಳಿಸಿದ್ದವನು. ವಾಕ್ಯಗಳ ಧಾಟಿಯೂ ಎಲ್ಲೋ ಪರಿಚಯದ್ದು ಅನ್ನಿಸುತ್ತಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪ್ರೊಫೆಸರರು ಕಾಗದಗಳನ್ನು ಮಗುಚಿ ಹಾಕಿದರು. ಬಂದವಳು ಅವರ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ.

"ಸಾರ್, ಒಂದು ವಿಷಯ ಹೇಳ್ಬೇಕಿತ್ತು."

"ಈಗ ಬೇಡಮ್ಮ, ತಲೆ ಕೆಟ್ಟಿದೆ. ಇನ್ನೊಂದಿನ ಬಾ."

ಅವಳು ತಲೆಯಾಡಿಸಿ ಹೋದಳು.

ಮಧ್ಯಾಹ್ನವೆಲ್ಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕಿದರು. ತಮ್ಮ ವಿದ್ಯಾರ್ಥಿಗಳು ಬರೆದದ್ದನ್ನು ಅವರು ಎಂದೂ ಇಷ್ಟು ಶ್ರದ್ಧೆಯಿಂದ ಓದಿದವರಲ್ಲ, ಅವರಿಗೆಲ್ಲ ಒಂದೇ ಉತ್ತರ, "ಸರಿ, ಕಳಿಸು." ಊಟ ಹಾಗೇ ಆರಿತು. ಒಂದು ಕೂದಲೆಳೆಯ ತಪ್ಪೂ ಸಿಗಲಿಲ್ಲ. ಪ್ರಬಂಧ ಸರಿಯಾಗಿತ್ತು, ತಪ್ಪಿದ್ದು ತಾವೇ. ಅದು ಗೊತ್ತಾದ ಮೇಲೆ ಅವರಿಗೆ ನಿಜವಾಗಿ ಹೆದರಿಕೆಯಾಯಿತು.

ಹೇಗೂ ಸಹಿ ತಮ್ಮದಲ್ಲ. ಬರೆದರು: "ಮೂಲ ವಿಧಾನವೇ ಲೇಖಕರಿಗೆ ಅರ್ಥವಾಗಿಲ್ಲ. ಇಂಥವರು ಮೊದಲು ಪಾಠ ಕಲಿತು ಬರಲಿ. ತಿರಸ್ಕರಿಸಬೇಕು." ಪಕ್ಕದ ಕೋಣೆಯವನು ಅದನ್ನು ಓದದೆಯೇ ಮುಂದಕ್ಕೆ ಕಳಿಸಿದ.

ಕೆಲವು ವಾರ ಕಳೆದು ಹುಡುಗಿ ಮತ್ತೆ ಬಂದಳು. ಕಣ್ಣು ಕೆಂಪಗಾಗಿತ್ತು.

"ಸಮ್ಮೇಳನದವರು ತಿರಸ್ಕರಿಸಿದ್ರು ಸಾರ್. ಮೂಲ ವಿಧಾನವೇ ಅರ್ಥ ಆಗಿಲ್ಲವಂತೆ."

ಪ್ರೊಫೆಸರರು ಕುರ್ಚಿಯಿಂದ ಎದ್ದರು.

"ನೀನಾ ಅದನ್ನ ಬರೆದಿದ್ದು? ನನ್ನ ತಪ್ಪು ಹಿಡಿದು, ನನಗೇ ಹೇಳದೆ?"

"ಹೇಳೋಕೆ ಎಷ್ಟು ಸಲ ಬಂದೆ ಸಾರ್. ಕಳಿಸೋ ದಿನಾನೂ ಬಂದಿದ್ದೆ, ತೋರಿಸೋದೇನೂ ಬೇಡ, ಸರಿ, ಕಳಿಸು ಅಂದ್ರಿ. ಬೇರೆ ಯಾರೋ ಹಿಡಿದು ಆಡಿಕೊಳ್ಳೋಕಿಂತ ನಾವೇ ತಿದ್ದಿದ್ರೆ ನಿಮಗೇ ಗೌರವ ಅಂದ್ಕೊಂಡೆ."

"ಈಗ ನಿನ್ನ ಡಾಕ್ಟರೇಟು?" ಅವರ ದನಿ ಅವರಿಗೇ ಕೇಳಿಸಲಿಲ್ಲ.

"ಇದು ಒಪ್ಪಿಗೆ ಆಗದಿದ್ರೆ ಇಲ್ಲ ಸಾರ್, ಅವಧಿ ಮುಗೀತು. ಅದು ನನ್ನ ಹಣೆಬರಹ, ಬಿಡಿ. ಆದ್ರೆ ಆ ಪರಿಶೀಲಕರು ಯಾರೋ, ಪಾಠ ಕಲಿತು ಬರಲಿ ಅಂತ ನಿಮಗೆ ಬರೆದಿದ್ದಾರಲ್ಲ, ಅದಕ್ಕೇ ನನ್ನ ಹೊಟ್ಟೆ ಉರೀತಿರೋದು."

"ನನಗಾ?"

"ಹೂಂ ಸಾರ್. ನಮ್ಮ ವಿಭಾಗದ ಪದ್ಧತಿಯಂತೆ ಮೊದಲ ಹೆಸರು ನಿಮ್ಮದೇ ಹಾಕಿದ್ದೆ."