ಕಡಿಮೆ ಅಂಕದವರ ಟೊಪ್ಪಿಗೆ

ತರಬೇತಿ ಶಿಬಿರದಲ್ಲಿ ಮುಖ್ಯೋಪಾಧ್ಯಾಯಿನಿ ಕಾಶೀಬಾಯಿ ಅಭ್ಯಾಸದ ಗೊಂಬೆಯ ತಲೆಗೆ ಟೊಪ್ಪಿಗೆ ಬಿಗಿದು ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು. ಸುತ್ತ ಕುಳಿತ ಹೆಡ್‌ಮಾಸ್ತರರು ಚಪ್ಪಾಳೆ ತಟ್ಟಿದರು.

"ಶಾಭಾಸ್ ಬಾಯಾರ! ನಿಮ್ಮ ಸಾಲಿಯಿಂದ ಈ ಸಲ ಯಾರ್ನ ಕಳಸ್ತೀರಿ?" ಎಂದ ತರಬೇತುದಾರ ಪಂಪಣ್ಣ.

ವರ್ಷಾಂತ್ಯದ ಮೌಲ್ಯಮಾಪನದಲ್ಲಿ ಹಿಂದೆ ಬಿದ್ದ ಒಬ್ಬ ಶಿಕ್ಷಕರನ್ನು ಪ್ರತಿ ಶಾಲೆಯೂ ಮಿದುಳು ತಿದ್ದುವ ಈ ಟೊಪ್ಪಿಗೆಗೆ ಕಳಿಸಬೇಕಿತ್ತು. ಈ ಸಲದ ಕೊನೆಯವನು ಮಗ್ಗಿಯನ್ನು ಹಾಡಿ ಕಲಿಸುವ ಮೆಹಬೂಬ ಮಾಸ್ತರ. ಅದೇ ಶಾಲೆಯಿಂದ ಕಳೆದ ವರ್ಷ ಹೋಗಿಬಂದ ನೀಲಗಂಗಾ ಟೀಚರಿಗೆ ಈಗ ತೊಂಬತ್ತೆಂಟು ಅಂಕ. ಆದರೆ ಮೊದಲ ಬೆಂಚಿನಲ್ಲಿ ಕೂರುವ ಸ್ವಂತ ಮಗಳನ್ನೇ ದಿನಾ, "ನಿನ್ನ ಹೆಸರೇನವಾ?" ಎಂದು ಕೇಳುತ್ತಾರೆ.

"ನೀಲಗಂಗಾನ್ನ ಯಾವ ಪುಣ್ಯಾತ್ಮ ಕಳಿಸಿದ್ನೋ!" ಎಂದಳು ಕಾಶೀಬಾಯಿ.

ಪಂಪಣ್ಣ ನಗುತ್ತ ಕಳೆದ ವರ್ಷದ ಹಾಳೆ ತೆರೆದ. ನೀಲಗಂಗಾಳ ಹೆಸರಿನ ಕೆಳಗೆ ಕಾಶೀಬಾಯಿಯದೇ ಸಹಿ ಇತ್ತು.

"ನೀವ ರೀ ಆ ಪುಣ್ಯಾತ್ಮ. ಹೆಸರು ಬರದು ಈ ಗುಳಿಗಿ ನುಂಗಿದ್ರಿ, ಮುಂಜಾನಿಗೆ ಮರತ್ರಿ. ಎಲ್ಲಾ ಹೆಡ್ಡುಗೋಳೂ ಹಂಗ ಮಾಡ್ತಾರ." ಪೆನ್ನಿನ ಜೊತೆ ಬಿಳಿಯ ಗುಳಿಗೆಯನ್ನು ಅವಳತ್ತ ಸರಿಸಿದ. "ಹಾಳಿ ಖಾಲಿ ಬಿಟ್ರ ಟೊಪ್ಪಿಗಿಗೆ ನಿಮ್ಮ ಹೆಸರ ಬೀಳತೈತಿ, ನೋಡ್ರಿ."

ಗೊಂಬೆಯ ಮೇಲಿನ ದೀಪ ಇನ್ನೂ ಉರಿಯುತ್ತಿತ್ತು.

"ಬೀಳ್ಲಿ," ಎಂದಳು ಕಾಶೀಬಾಯಿ. "ನಾ ಬರಿಯಂಗಿಲ್ಲ, ನುಂಗಂಗೂ ಇಲ್ಲ."