‘ಇನ್’ ಅಂದ್ರ ಇಲ್ಲ

ದೇವಕಮ್ಮ ವಾರ್ಡನ್ ಕೋಣೆಗೆ ನುಗ್ಗಿದಾಗ ಅವಳ ಕೈಗೆ ಮೆತ್ತಿದ ಜೋಳದ ಹಿಟ್ಟು ಇನ್ನೂ ಒಣಗಿರಲಿಲ್ಲ.

“ಅಕ್ಕೋರ, ಹನ್ನೊಂದು ವರ್ಷ ಈ ಹಾಸ್ಟೆಲಿನ ಹುಡುಗ್ಯಾರಿಗಿ ರೊಟ್ಟಿ ಬಡದೇನಿ. ಕಡೀಕ ನನ್ನ ಕಿಮ್ಮತ್ತಿಲ್ಲದಾಕಿ ಅಂತ ಬರದು ಕಳಿಸೀರೇನ್ರಿ?”

ವಾರ್ಡನ್ ಸುಮಂಗಲಾ ಕುರ್ಚಿಯಿಂದ ಎದ್ದೇಬಿಟ್ಟಳು. “ಯಾರು ಹೇಳಿದ್ರು ನಿಮಗ?”

“ಯಾದಗಿರಿ ಆಫೀಸಿನ ಹಣಮಂತ್ರಾಯ ಫೋನ್ ಮಾಡಿದ್ದ. ಮುಂದಿನ ತಿಂಗಳಿಂದ ಬರಬ್ಯಾಡ ಅಂದ. ಯಾಕಪ್ಪಾ ಅಂದ್ರ, ನಿಮ್ಮ ವಾರ್ಡನ್ನರೇ ಇಂಗ್ಲಿಷಿನಾಗ ಹಂಗ ಬರದಾರ ಅಂದ.”

ಶಹಾಪುರದ ಈ ಹಾಸ್ಟೆಲನ್ನು ನಡೆಸುವ ಸಂಸ್ಥೆಗೆ ಹೊಸ ಕಾರ್ಯದರ್ಶಿ ಬಂದಿದ್ದರು. ಅವರಿಗೆ ಕನ್ನಡ ಓದಲು ಬಾರದು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ವರದಿಯನ್ನು ಇಂಗ್ಲಿಷಿನಲ್ಲೇ ಕೇಳಿದ್ದರು. ಅದನ್ನು ಓದಿ, ಬಿಡಬೇಕಾದವರ ಪಟ್ಟಿ ಮಾಡಿ ಅವರ ಸಹಿಗೆ ಇಡುವುದು ಆಫೀಸಿನ ಗುಮಾಸ್ತ ಹಣಮಂತ್ರಾಯನ ಕೆಲಸ. ಸುಮಂಗಲಾ ಮೊದಲು ‘ವ್ಯಾಲ್ಯುಯಬಲ್’ ಎಂದೇ ಬರೆದಿದ್ದಳು. ಹಬ್ಬಕ್ಕೆ ಊರಿಗೆ ಹೋಗದ ಹುಡುಗಿಯರಿಗಾಗಿ ತನ್ನ ಮನೆಯಿಂದ ಹೋಳಿಗೆ ಕಟ್ಟಿಕೊಂಡು ಬರುವ ಹೆಂಗಸಿಗೆ ಆ ಮಾತು ಸಣ್ಣದಾಯಿತು ಅನ್ನಿಸಿ, ಅದನ್ನು ಹೊಡೆದುಹಾಕಿ ‘ಇನ್‌ವ್ಯಾಲ್ಯುಯಬಲ್’ ಎಂದು ತಿದ್ದಿದ್ದಳು.

ಈಗ ಹಣಮಂತ್ರಾಯನಿಗೆ ಫೋನ್ ಹಚ್ಚಿ, ದೇವಕಮ್ಮನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

“ನೀವೇ ಬರದೀರಲ್ರಿ ಮೇಡಂ,” ಅವನ ದನಿಯಲ್ಲಿ ಅಳುಕೇ ಇರಲಿಲ್ಲ. “ಇನ್‌ಕರೆಕ್ಟ್ ಅಂದ್ರೇನು? ಸರಿ ಇಲ್ಲ. ಇನ್‌ಕಂಪ್ಲೀಟ್ ಅಂದ್ರ? ಪೂರಾ ಇಲ್ಲ. ‘ಇನ್’ ಅಂದ್ರ ಇಲ್ಲ. ಹಂಗಾದ್ರ ಇನ್‌ವ್ಯಾಲ್ಯುಯಬಲ್ ಅಂದ್ರ?”

“ಬೆಲಿ ಕಟ್ಟಾಕ ಆಗಲ್ಲ ಅಂತ್ರಿ!”

“ನಾನೂ ಅದನ್ನೇ ಅನ್ನಾಕತ್ತೇನಿ. ಬೆಲಿ ಕಟ್ಟಾಕ ಅಲ್ಲಿ ಏನರೆ ಇದ್ರ ತಾನೇ?”

ಸುಮಂಗಲಾ ಹಣೆ ಒತ್ತಿಕೊಂಡಳು. “ಬ್ಯಾಡ ಬಿಡ್ರಿ. ಪ್ರೈಸ್‌ಲೆಸ್ ಅಂತ ತಿದ್ದಿ ಕೊಡ್ತೀನಿ.”

“ಅಯ್ಯೋ, ಅದು ಇನ್ನೂ ಖರಾಬ್ ಆಗ್ತದ್ರಿ! ಅರಿವಿ ಅಂಗಡ್ಯಾಗ ಹತ್ತು ಪರ್ಸೆಂಟ್ ಲೆಸ್ ಅಂತ ಬೋರ್ಡ್ ಹಾಕಿರ್ತಾರ. ಲೆಸ್ ಅಂದ್ರ ಕಡಿಮಿ.”

“ಹಣಮಂತ್ರಾಯ ಅವರ, ನಿಮ್ಮ ಮೊಬೈಲಿನಾಗ ಅರ್ಥ ನೋಡ್ರಿ. ಈಗ್ಲೇ. ನಾ ಫೋನ್ ಹಿಡಕೊಂಡೇ ಇರ್ತೀನಿ.”

ದೇವಕಮ್ಮ ಬೆರಳಿನ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸುತ್ತ, ತೀರ್ಪಿಗೆ ನಿಂತವಳಂತೆ ಫೋನನ್ನೇ ನೋಡುತ್ತಿದ್ದಳು. ಕೊನೆಗೆ ಹಣಮಂತ್ರಾಯನ ದನಿ ಬಂತು, ಬಹಳ ಮೆತ್ತಗೆ.

“ಮೇಡಂ... ‘ಅಮೂಲ್ಯ’ ಅಂತ ಬಂದದ.”

“ಮತ್ತ?”

“ಪಟ್ಟಿಗಿ ಸಾಹೇಬ್ರ ಸಹಿ ಇನ್ನಾ ಆಗಿಲ್ರಿ. ಈಗ್ಲೇ ಆಕಿ ಹೆಸರು ತೆಗೀತೀನಿ.” ಸ್ವಲ್ಪ ತಡೆದು ಸೇರಿಸಿದ, “ಈ ಇಂಗ್ಲಿಷ್ ಭಾಳ ಮೋಸದ್ದದ್ರಿ.”

ಫೋನ್ ಇಟ್ಟು ಸುಮಂಗಲಾ ನಕ್ಕುಬಿಟ್ಟಳು. “ನೌಕರಿ ಹೋಗಿಲ್ಲ ದೇವಕಮ್ಮ, ಕುಂದರ್ರಿ. ತಪ್ಪು ತಿಳಕೊಂಡಿದ್ದ ಅಷ್ಟೇ. ಇಷ್ಟು ಅಂತ ಬೆಲಿ ಕಟ್ಟಾಕ ಯಾರಿಗೂ ಆಗದಂಥಾಕಿ ಅಂತ ನಾ ಬರದಿದ್ದು.”

ದೇವಕಮ್ಮ ಕೂರಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಆ ಮಾತನ್ನು ಬಾಯಲ್ಲೇ ಎರಡು ಸಲ ಹೊರಳಾಡಿಸಿದಳು. ನಿಧಾನವಾಗಿ ಅವಳ ಮುಖವೂ ಅರಳಿತು.

“ಖರೇನೇ ಬರದೀರಿ ಬಿಡ್ರಿ ಅಕ್ಕೋರ. ಹನ್ನೊಂದು ವರ್ಷದಿಂದ ನನ್ನ ಪಗಾರ ಆರು ಸಾವಿರದಾಗೇ ಯಾಕ ಕುಂತದ ಅಂತ ಈಗ ತಿಳೀತು. ಬೆಲಿ ಕಟ್ಟಾಕ ಬಂದಿಲ್ಲ ಪಾಪ, ಅವರಿಗಿ.”

ಅವಳು ನಗುತ್ತಲೇ ಅಡುಗೆಮನೆಗೆ ಹೊರಟುಹೋದಳು. ಸುಮಂಗಲಾ ನಗಲಿಲ್ಲ. ಕಾರ್ಯದರ್ಶಿಗೆ ಬರೆಯಲು ಹೊಸದೊಂದು ಹಾಳೆ ಎಳೆದುಕೊಂಡಳು. ಈ ಸಲ ಯಾವ ಮಾತನ್ನೂ ಹುಡುಕದೆ, ಎಲ್ಲಕ್ಕಿಂತ ಮೊದಲು ಆರು ಸಾವಿರಕ್ಕಿಂತ ದೊಡ್ಡದೊಂದು ಅಂಕಿ ಬರೆದಳು.