ಹೆಜ್ಜಾರ್ಲೆಯ ಮೈಲಿ

ಹೆರಿಗೆಗೆಂದು ಕಲಬುರಗಿಯಿಂದ ಮಂಡ್ಯದ ತವರಿಗೆ ಹೊರಟಿದ್ದ ಸುಕನ್ಯಾಳನ್ನು ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಎಂದಿನಂತೆ ಕೇಳಿದಳು: "ನೀವು ಹಾರೂ ಮೈಲಿ ಯಾವ ಖಾತೆಗೆ ಹಾಕ್ಲಿರಿ ಅಕ್ಕಾರ? ಪುಕ್ಕಟೆ ಟಿಕೆಟ್ಟಿಗೋ, ಹಕ್ಕಿ ರೆಕ್ಕಿಗೋ?"

ಟಿಕೆಟ್ಟಿಗೆ ಹಾಕಿಸಿದರೆ ಮಗುವಿನ ಮುಖ ನೋಡಲು ಗಂಡ ಹಾರಿ ಬರಬಹುದು; ರೆಕ್ಕೆಗೆ ಹಾಕಿಸಿದರೆ ಅಷ್ಟೇ ಮೈಲಿ ಒಂದು ಹಕ್ಕಿ ಹಾರಿ ಬರಬಹುದು. ಆದರೆ ತವರಿನ ಹಿತ್ತಲ ಹುಣಸೆಮರಕ್ಕೆ ವರ್ಷ ವರ್ಷವೂ ಮೊಟ್ಟೆಯಿಡಲು ಬರುವ ಹೆಜ್ಜಾರ್ಲೆ ಹಕ್ಕಿ ಈ ಸಲ ಇನ್ನೂ ಬಂದಿರಲಿಲ್ಲ. ಅವರೂರಿನಲ್ಲಿ ಆ ಹಕ್ಕಿಯೂ ಬಾಣಂತನಕ್ಕೆ ಬರುವ ಮನೆಮಗಳೇ. ಅವ್ವನಿಗೆ ಅನ್ನ ಸೇರುತ್ತಿರಲಿಲ್ಲ.

"ರೆಕ್ಕೆಗೇ ಹಾಕವ್ವ. ನಮ್ಮನೆಯೋರು ಬಸ್ಸಲ್ಲಿ ಬರ್ಲಿ!"

ವಿಮಾನ ಇಳಿದು, ಕಾರು ಹಿಡಿದು ಸಂಜೆ ಊರು ಸೇರಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಅವ್ವ ಹಿತ್ತಲಲ್ಲಿ ನಿಂತು ಹುಣಸೆಮರಕ್ಕೆ ಆರತಿ ಎತ್ತುತ್ತಿದ್ದಳು. ಮೇಲೆ ಅಗಲವಾದ ರೆಕ್ಕೆಗಳು ಮಡಚಿಕೊಂಡವು.

"ನಿಮ್ಮಕ್ಕ ಆಗ್ಲೇ ಬಂದವ್ಳೆ ಕಣವ್ವ," ಅವ್ವ ನಗುತ್ತಾ ತಿರುಗಿದಳು. "ನೀನೇ ತಡ ಮಾಡ್ಬುಟ್ಟೆ!"